ಇಂಗುಗುಂಡಿಗೆ ಬಂದ ನೀರು

ಪ್ರೀತಿಯ ಮಾವ,

ಊರಲ್ಲಿ ನಿಮ್ಮ ವರ್ಷಾಂತಿಕವೂ ಮುಗಿಯಿತಂತೆ. ಹಾಗಾದರೆ ನಿಮ್ಮನ್ನು ಬೈಯಲು ಇನ್ನು ಅಡ್ಡಿಯಿಲ್ಲ. ಅಳಲೆಂದು ಕೂತರೂ ಸಿಟ್ಟೇ ಬರುತ್ತದೆ, ಏನು ಮಾಡಲಿ?

ಶುಕ್ರವಾರ ಬೆಳಿಗ್ಗೆ ಅಲ್ ಶಮಾಲ್‌ನ ತೋಟದಿಂದ ಪಿಕಪ್ ತುಂಬ ಪುದೀನ, ಹರಿವೆ, ಬಸಳೆ ಹೇರಿಕೊಂಡು ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನ ಕೆಳಗೆ ಹಾರ್ನ್ ಹೊಡೆಯುತ್ತಿದ್ದಿರಿ. ಕತಾರಿನ ಮರಳಲ್ಲಿ ಬಸಳೆ ಬೆಳೆಸಿದ ಗಂಡಸು ನಾನೊಬ್ಬನೇ ಎಂದು ಎಷ್ಟು ಜಂಬ ನಿಮಗೆ! ನಮ್ಮೂರ ಕಡೆಯವರೆಲ್ಲ ಬಿಲ್ಡಿಂಗಿನಿಂದ ಇಳಿದು ಬಂದು ಜಗಳವಾಡಿ ಸೊಪ್ಪು ಕೊಳ್ಳುತ್ತಿದ್ದರು.

ಟ್ಯಾಂಕರಿನ ನೀರು ಸಿಕ್ಕಿದ ದಿನ ಫೋನಿನಲ್ಲಿ ನಿಮ್ಮ ಸಂಭ್ರಮ ನೆನಪಿದೆ. "ಟ್ಯಾಂಕರಿನವರು ಬರ್ತಾರೆ ಮಾರಾಯ್ತಿ. ಎಂತದೋ ತೊಳೆದ ನೀರಂತೆ, ಚೆಲ್ಲಲಿಕ್ಕೆ ಜಾಗ ಕೇಳಿದ್ರು. ನಮ್ಮ ಇಂಗುಗುಂಡಿಗೇ ಬಿಡಿ ಅಂದೆ. ಪುಕ್ಕಟೆ ನೀರು ಅಲ್ವಾ?" ನಮ್ಮೂರಲ್ಲಿ ಬಾವಿಯ ಮೇಲ್ಬದಿಗೆ ಗುಂಡಿ ತೋಡಿ ಮಳೆನೀರು ಇಂಗಿಸಿದರೆ ಬೇಸಿಗೆಯಲ್ಲೂ ಬಾವಿ ಬತ್ತುವುದಿಲ್ಲ. ಅದೇ ಬುದ್ಧಿಯನ್ನು ಇಲ್ಲಿಗೂ ತಂದಿರಿ. ಡ್ರೈವರುಗಳಿಗೆ ಸುಲೈಮಾನಿ ಚಹಾ ಬೇರೆ ಮಾಡಿಕೊಟ್ಟಿರಿ. ವಾಸನೆ ಬರಲಿಲ್ಲವೇ ಮಾವ? ಬಂದರೂ ಮರಳು ಸೋಸುತ್ತದೆ ಎಂದುಕೊಂಡಿರೋ ಏನೋ...

ಎದೆನೋವೆಂದು ಮಲಗಿದವರು ನೀವು ಏಳಲೇ ಇಲ್ಲ. ಆಮೇಲಿನದು ನಿಮಗೆ ಗೊತ್ತಿಲ್ಲ. ಬಸಳೆ ಎಲೆಗಳು ಅಂಚಿನಿಂದ ಕರಟಿದವು. ಬಾವಿನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟಿತು, ಡೀಸೆಲ್ ನಾತ ಬಂತು. ತೋಟದ ಯಜಮಾನ, ನಿಮ್ಮ ಅರಬಾಬ್, ನೀರು ಪರೀಕ್ಷೆ ಮಾಡಿಸಿದ. ಅದು ತೊಳೆದ ನೀರಲ್ಲವಂತೆ. ನೆಲದಾಳದಿಂದ ಎಣ್ಣೆ ಎತ್ತುವಾಗ ಜೊತೆಗೇ ಬರುವ ನೀರು, ಸಮುದ್ರಕ್ಕಿಂತ ಉಪ್ಪು, ವಿಷ. ಸರಿಯಾದ ಜಾಗಕ್ಕೆ ಒಯ್ಯಲು ಸೋಮಾರಿಯಾದ ಯಾವನೋ ಕಂಟ್ರಾಕ್ಟರನಿಗೆ ನಿಮ್ಮ ಗುಂಡಿ ಸಿಕ್ಕಿತು. ಈ ಬಾವಿಯ ನೀರಲ್ಲಿ ತಿನ್ನುವಂಥದ್ದೇನೂ ಬೆಳೆಯಬಾರದು ಎಂದು ಪರೀಕ್ಷೆ ಮಾಡಿದವರು ಹೇಳಿಬಿಟ್ಟರು. ಅಷ್ಟು ಕಾಲ ನಾವು ತಿಂದದ್ದು? ನನ್ನ ಮಗಳು ತಿಂದದ್ದು? ಕೇಳಿದರೆ ಯಾರೂ ನೇರ ಉತ್ತರ ಕೊಡುವುದಿಲ್ಲ.

ಹೋದ ವಾರ ತೋಟಕ್ಕೆ ಹೋದಾಗ ನಿಮ್ಮ ಜೊತೆ ದುಡಿಯುತ್ತಿದ್ದ ಉಪ್ಪಿನಂಗಡಿಯ ಬಶೀರ್ ಬಸಳೆ ಚಪ್ಪರ ಕಿತ್ತು ರಾಶಿ ಹಾಕುತ್ತಿದ್ದ.

"ಟ್ಯಾಂಕರನ್ನು ಒಳಗೆ ಬಿಟ್ಟದ್ದು ಯಾರು ಅಂತ ಅರಬಾಬ್ ಕೇಳಿದ ಅಕ್ಕಾ. ನಾನೇ ಅಂದೆ. ಈ ತಿಂಗಳು ವೀಸಾ ಕ್ಯಾನ್ಸಲ್. ಖಲಾಸ್."

"ಬಿಟ್ಟದ್ದು ಮಾವ ಅಲ್ವನಾ?"

"ಹೌದು. ತೀರಿಹೋದವರ ಮೇಲೆ ಹಾಕ್ಲಿಕ್ಕೆ ಆಗ್ತದಾ? ನನಗೆ ಕೆಲಸ ಕಲಿಸಿದ್ದೇ ಅವರು."

ಅವನನ್ನು ನಂಬಿ ಊರಲ್ಲಿ ಒಂದು ಇಡೀ ಮನೆ ಇದೆ.

ವಿಷ ಸುರಿದವರ ಸುದ್ದಿಯೇ ಇಲ್ಲ ನೋಡಿ. ಟ್ಯಾಂಕರ್ ಯಾರದೆಂದು ಕೇಳಿದರೆ ಎಲ್ಲರೂ "ಮಾಫಿ", ಏನೂ ಇಲ್ಲ, ಎಂದು ಕೈ ಆಡಿಸುತ್ತಾರೆ. ನೀವಾದರೂ ಯಾವ ಕಂಪನಿಯವರೆಂದು ಒಂದು ಮಾತು ಕೇಳಬಾರದಿತ್ತೇ? ಬಾವಿ ಹಾಳಾಯಿತು, ತೋಟ ಮುಚ್ಚಿತು. ಸಿಕ್ಕಿಬಿದ್ದದ್ದು ಬಶೀರ್ ಒಬ್ಬನೇ.

ನಿನ್ನೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನನ್ನ ತಮ್ಮ ಇದ್ದಷ್ಟು ದಿನ ಮರ್ಯಾದೆಯಲ್ಲಿ ಬದುಕಿದ. ಈಗ ಅವನ ಹೆಸರು ಯಾಕೆ ಹಾಳು ಮಾಡ್ತಿ?" ಎಂದು ಅತ್ತಳು. ಅವಳ ಸಂಕಟ ನನಗೂ ತಿಳಿಯುತ್ತದೆ. ಆದರೆ...

ನಿಮ್ಮ ಮಾತು ಬಂದರೆ ಅರಬಾಬ್ ಇವತ್ತಿಗೂ ಎದೆಯ ಮೇಲೆ ಕೈಯಿಟ್ಟು ನಿಮಗಾಗಿ ಪ್ರಾರ್ಥಿಸುತ್ತಾನೆ. ನಾಳೆ ನಾನು ಹೋಗಿ ನಿಜ ಹೇಳಿದ ಮೇಲೆ ಆ ಕೈ ಎದೆಗೆ ಹೋಗಲಿಕ್ಕಿಲ್ಲ. ಆದರೂ ಹೇಳುತ್ತೇನೆ ಮಾವ. ನಿಮಗೆ ಇನ್ನು ಉಳಿದಿರುವುದು ಹೆಸರೊಂದೇ, ಬಶೀರ್ ಇನ್ನೂ ದುಡಿದು ಉಣ್ಣಬೇಕು.

ನಿಮ್ಮ ಅಕ್ಕನ ಮಗಳು,
ಶಶಿಕಲಾ