ಹನ್ನೆರಡು ಪಾಯಿಂಟ್ ಸೊನ್ನೆ ಐದು

ಅಪ್ಪಾ,

ಇವತ್ತು ಐದನೇ ಕ್ಲಾಸಿನ ಮಗುವಿನ ಮೇಲೆ ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ.

ದಶಮಾಂಶ ಹೇಳಿಕೊಡುತ್ತಿದ್ದೆ. ಬೋರ್ಡಿನ ಮೇಲಿದ್ದ 12.05 ಅನ್ನು ಲಿಖಿತಾ "ಹನ್ನೆರಡು ಪಾಯಿಂಟ್ ಐದು" ಎಂದು ಓದಿದಳು. ಸೊನ್ನೆ ಎಲ್ಲಿ ಹೋಯಿತು ಎಂದು ಕೇಳಿದೆ. "ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ಅಲ್ವಾ ಮಿಸ್?" ಎಂದು ನಕ್ಕಳು. ಆಗಲೇ ನನ್ನ ಕೈ ಮೇಲೆದ್ದಿದ್ದು.

ಅವಳ ವಯಸ್ಸಿನಲ್ಲಿ ನಾನು ಪೀಣ್ಯದ ಶೆಡ್ಡಿಗೆ ನಿನ್ನ ಊಟದ ಡಬ್ಬಿ ತರುತ್ತಿದ್ದೆ. ನಿನಗೆ ಕಣ್ಣು ಮಂಜಾಗಿತ್ತು. ಒಂದು ದಿನ ಯಂತ್ರದ ಬಿಡಿಭಾಗದ ಡ್ರಾಯಿಂಗ್ ಹಾಳೆ ನನ್ನ ಮುಂದೆ ಹಿಡಿದು, "ತೂತಿನ ಅಳತಿ ಎಷ್ಟೈತಿ, ಓದವ್ವ" ಅಂದೆ. ನಾನೂ ಸೊನ್ನೆ ಬಿಟ್ಟು ಓದಿದೆ. ನೀನು ಲೇತಿನಲ್ಲಿ ಹಾಗೇ ಕೊರೆದೆ. ಇನ್ನೂರು ಪೀಸು ಗುಜರಿಗೆ ಹೋದವು, ನಿನ್ನ ಕೆಲಸವೂ ಹೋಯಿತು. ತಪ್ಪು ಓದಿದ್ದು ಯಾರೆಂದು ನೀನು ಮಾಲೀಕರಿಗೆ ಹೇಳಲಿಲ್ಲ, ಕೆಲಸ ಹೋದದ್ದು ಅದರಿಂದಲೇ ಎಂದು ನನಗೂ ಹೇಳಲಿಲ್ಲ. ನಿನ್ನ ಜೊತೆ ಲೇತ್ ಓಡಿಸುತ್ತಿದ್ದ ಮುತ್ತಣ್ಣ ಕಾಕಾ ನಿನ್ನ ಮಣ್ಣಿಗೆ ಬಂದಾಗ ಹೇಳಿದ.

ಆಮೇಲೆ ಹದಿನಾಲ್ಕು ವರ್ಷ ನೀನು ಯಾರದೋ ಫ್ಯಾಕ್ಟರಿಯ ಗೇಟು ಕಾದೆ. ನಿನ್ನ ಖಾಕಿ ಅಂಗಿಗೆ ನಾಚಿ ನಾನು ತಲೆ ತಗ್ಗಿಸಿ ಆ ಗೇಟಿನ ಮುಂದೆ ಹಾದುಹೋಗುವಾಗಲೆಲ್ಲ, ಅಲ್ಲಿ ನಿಂತವರಿಗೆ ನೀನು ಹೇಳುತ್ತಿದ್ದದ್ದು ಕೇಳಿಸುತ್ತಿತ್ತು: "ನನ್ನ ಮಗಳು ಲೆಕ್ಕದಾಗ ಭಾಳ ಶಾಣ್ಯಾಕಿ."