ಕೆಂಚಾರ್ಲಹಳ್ಳಿ ಎಂಬ ಕ್ಲಸ್ಟರನ್ನು ಅಳಿಸಿದ ದಿನ

ದೊಡ್ಡಮ್ಮಾ,

ಮೊದಲು ಕೂತುಕೋ. ನಿಂತುಕೊಂಡೇ ಮಾತು ಕೇಳಿ ಮುಗಿಸುವ ಅಭ್ಯಾಸ ನಿನ್ನದು. ಈಗ ಸೊಪ್ಪು ಕೊಯ್ಯುವ ಅವಸರವೂ ಇಲ್ಲವಲ್ಲ.

ನೆನಪಿದೆಯಾ, ದೊಡ್ಡಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಮಾರಿ ಬಂದು ಕಾಲು ಚಾಚುವಷ್ಟರಲ್ಲಿ ನೀನು ಹುಳುಮನೆ ಖಾಲಿ ಮಾಡಲು ನಿಂತಿರುತ್ತಿದ್ದೆ. ತಟ್ಟೆಗಳು, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು, ಎಲ್ಲವೂ ಅಂಗಳದ ಬಿಸಿಲಿಗೆ. "ಇವತ್ತೊಂದಿನ ಮಲಗಣ ಬಿಡೇ" ಅಂದರೆ, "ಮಲ್ಕೊಳ್ಳಿ, ನಿಮ್ಮನ್ನೂ ಸೇರ್ಸೇ ಬ್ಲೀಚಿಂಗ್ ಪೌಡರ್ ಹಾಕ್ತೀನಿ" ಅನ್ನುತ್ತಿದ್ದೆ. ಹಳೆಯ ಹಿಕ್ಕೆ ಒಂದು ಮೂಲೆಯಲ್ಲಿ ಉಳಿದರೂ ಮುಂದಿನ ಬೆಳೆಗೆ ರೋಗ ಎಂಬ ಭಯ ನಿನಗೆ. ಆದರೆ ನೀರು ಸುರಿಯುವ ಮುಂಚೆ ಒಂದೊಂದು ಚಂದ್ರಿಕೆಯನ್ನೂ ತಿರುಗಿಸಿ ನೋಡುತ್ತಿದ್ದೆ. ಹಿಂದೆ ಬಿದ್ದ ಹುಳ ಸಿಕ್ಕರೆ ಮೊರದಲ್ಲಿ ಸೊಪ್ಪಿನ ಜೊತೆ ಬಿಡುತ್ತಿದ್ದೆ. "ನಿಧಾನದ್ದು ಕಣೇ, ನಿನ್ ಥರ. ಕಟ್ಟತ್ತೆ ಇರು."

ನಮ್ಮ ಚಿಕ್ಕಬಳ್ಳಾಪುರದ ಆಫೀಸಿನವರು ಹುಳ ಸಾಕುವವರಿಗೆ ಫೋನಿನಲ್ಲೇ ಸಲಹೆ ಕೇಳಿಸುವ ಸೇವೆಯನ್ನು ಮೊದಲು ನಮ್ಮೂರಲ್ಲಿ ಪರೀಕ್ಷಿಸಿದಾಗ, ಓದಿಸಿ ರೆಕಾರ್ಡ್ ಮಾಡಲು ನಿನ್ನನ್ನು ಕೂರಿಸಿದ್ದು ನಾನೇ. ಹುಳ ಪೊರೆ ಬಿಡುವ ಜ್ವರದ ಬಗ್ಗೆ ನಾನು ಬರೆದಿದ್ದೆ: ಹುಳುಗಳು ಜ್ವರದಿಂದೆದ್ದ ಬಳಿಕ ಸೊಪ್ಪನ್ನು ನೀಡತಕ್ಕದ್ದು. ನೀನು ಕಾಗದವನ್ನು ದೂರ ಹಿಡಿದು, "ಇದ್ಯಾರೇ ಹಿಂಗೆ ಹೇಳೋದು, ತಾಸಿಲ್ದಾರ್ರಾ?" ಎಂದೆ. ಆಮೇಲೆ ನಿನ್ನ ಅರ್ಧ ತೆಲುಗಿನಲ್ಲೇ ಶುರು: "ಏಮ್ಮಾ, ಹುಳ ಜ್ವರ ಎದ್ದೈತೆ, ಆಕು ಏಸ್ನಾವಾ? ಟೀವಿ ಆಮೇಲ್ ನೋಡೀವಂತೆ, ಮೊದ್ಲು ಸೊಪ್ಪು ಹಾಕು!" ಆಫೀಸಿನಲ್ಲಿ ಎಲ್ಲರೂ ನಕ್ಕರು. ನಕ್ಕು, ಬೇರೆ ಯಾರದೋ ನಯವಾದ ದನಿ ಹಾಕಿಕೊಂಡರು.

ನೀನು ಹೋದ ಮೇಲೆ ಒಂದು ಸಂಜೆ ದೊಡ್ಡಪ್ಪ ನನ್ನ ಪಕ್ಕ ಬಂದು ಕೂತರು. "ಮಗಾ, ಅವ್ಳು ಬೈದಿದ್ದು ಏನಾದ್ರೂ ನಿನ್ ಫೋನಲ್ಲೈತಾ? ಒಂದ್ಸಲ ಕೇಳ್ಸು." ನನ್ನ ಹಳೆಯ ಫೋನು ಕೃಷಿ ಹೊಂಡಕ್ಕೆ ಬಿದ್ದಿತ್ತು. ಆಫೀಸಿನಲ್ಲಿ ನಾಚಿಕೆ ಬಿಟ್ಟು ಕೇಳಿದೆ. ಆ ಕೆಲಸ ನೋಡುತ್ತಿದ್ದವರು ಬಿಟ್ಟು ಹೋಗಿದ್ದರು, ನಿನ್ನ ರೆಕಾರ್ಡಿಂಗ್ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಇಲ್ಲ ಎಂದು ದೊಡ್ಡಪ್ಪನಿಗೆ ಹೇಗೆ ಹೇಳುವುದು? ಹುಡುಕ್ತಿದೀನಿ ಎನ್ನುತ್ತಲೇ ಇದ್ದೆ. ಅವರೂ ಆಗಾಗ ಕೇಳುತ್ತಲೇ...

ಹೋದ ತಿಂಗಳು ಅಲೀಪುರದ ಅಬ್ಬಾಸಣ್ಣ (ಆಫೀಸಿನ ಕಂಪ್ಯೂಟರೆಲ್ಲ ಅವರದೇ ಉಸ್ತುವಾರಿ) ನನ್ನ ಮೇಜಿಗೆ ಬಂದರು. "ಏನಮ್ಮಾ, ಆ ಹಳೇ ಟ್ರಯಲ್ ಕ್ಲಸ್ಟರು, ನಿಮ್ಮೂರ ಹೆಸರಿಂದು, ಯಾರೂ ಇಲ್ದಿರೋ ಮನೇಲಿ ಫ್ಯಾನ್ ತಿರುಗ್ದಂಗೆ ಓಡ್ತಾನೇ ಇದೆ. ಅಳಿಸ್ಬಿಡು."

"ನಾನಾ? ಅಣ್ಣಾ, ನಾನು ಸಾಹಿತ್ಯ ಓದಿರೋಳು..."

"ಓದಕ್ಕೆ ಬರತ್ತಲ್ಲ? ಪರದೆ ಮೇಲೆ ಬರೋದನ್ನ ಓದ್ಕೊಂಡು ಮಾಡು."

ಕ್ಲಸ್ಟರ್ ಅಂದರೆ, ದೊಡ್ಡಮ್ಮಾ, ಎಲ್ಲೋ ದೂರದಲ್ಲಿ ನಾವು ಬಾಡಿಗೆಗೆ ಹಿಡಿದ ಕಂಪ್ಯೂಟರ್‌ಗಳ ಗುಂಪು. ಅದೇ ಹುಳುಮನೆ ಅಂದುಕೋ. ಕಂಟೇನರ್‌ಗಳು ಒಳಗಿನ ತಟ್ಟೆಗಳು, ಒಂದೊಂದರಲ್ಲಿ ಒಂದೊಂದು ಕೆಲಸ. ಮನೆಯನ್ನು ಅಳಿಸಿದರೂ ಅದಕ್ಕೆ ಅಂಟಿಕೊಂಡ ಡಿಸ್ಕುಗಳು, ಹೊರಗಿನ ಕರೆಗಳನ್ನು ಒಳಗೆ ಹಂಚುವ ಲೋಡ್ ಬ್ಯಾಲೆನ್ಸರು, ವಿಳಾಸಗಳು ತಾವಾಗಿ ಹೋಗದೆ ಹೊರಗೆ ಉಳಿದುಬಿಡಬಹುದು. ಬಾಡಿಗೆ ಏರುತ್ತಲೇ ಇರುತ್ತದೆ. "ಡಿಸ್ಕೆಲ್ಲ ಖಾಲಿನೇ, ಒಟ್ಟಿಗೇ ಒತ್ತಿಬಿಡು" ಎಂದು ಹೇಳಿ ಅಬ್ಬಾಸಣ್ಣ ಟೀ ಕುಡಿಯಲು ಹೋದರು. ಬೆರಳು ಗುಂಡಿಯ ಮೇಲಿತ್ತು. ಚಂದ್ರಿಕೆ ತಿರುಗಿಸಿ ನೋಡದೆ ನೀರು ಸುರಿಯುವುದುಂಟೇ ನಮ್ಮ ಮನೆಯಲ್ಲಿ?

ಒಂದೊಂದೇ ಡಿಸ್ಕನ್ನು ತೆರೆದು ನೋಡಿದೆ. ಖಾಲಿ, ಖಾಲಿ. ಇನ್ನೊಂದರಲ್ಲಿ 'ಬೇಡ' ಎಂಬ ಫೋಲ್ಡರು, ಒಳಗೆ ಒಂದು ರೆಕಾರ್ಡಿಂಗ್. ಇಯರ್‌ಫೋನ್ ಸಿಕ್ಕಿಸಿಕೊಂಡೆ. "ಇದ್ಯಾರೇ ಹಿಂಗೆ ಹೇಳೋದು, ತಾಸಿಲ್ದಾರ್ರಾ?" ನನ್ನ ದನಿಯನ್ನೇ ಸರಿಯಾಗಿ ಕೇಳಿರದ ಆಫೀಸಿನಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟೆ, ಕಣ್ಣಲ್ಲಿ ನೀರು ಬರುವಷ್ಟು. ಅಬ್ಬಾಸಣ್ಣ ಲೋಟ ಹಿಡಿದುಕೊಂಡೇ ಓಡಿಬಂದರು.

"ಏನಾಯ್ತಮ್ಮಾ?"

"ನಮ್ ದೊಡ್ಡಮ್ಮ ಸಿಕ್ಕಿದ್ರು!"

ನಿನ್ನನ್ನು ಮೊರಕ್ಕೆ, ಅಂದರೆ ನನ್ನ ಕಂಪ್ಯೂಟರಿಗೆ, ಎತ್ತಿಕೊಂಡ ಮೇಲೆಯೇ ಸ್ವಚ್ಛತೆ ಶುರು ಮಾಡಿದ್ದು. ಮೊದಲು ಲೋಡ್ ಬ್ಯಾಲೆನ್ಸರು, ವಿಳಾಸ, ಡಿಸ್ಕು, ಕೊನೆಗೆ ಮನೆ. ಅಳಿಸುವ ಮುಂಚೆ ಅದರ ಹೆಸರನ್ನು ಅಕ್ಷರ ತಪ್ಪದೆ ಬರೆಯಬೇಕಂತೆ. 'ಕೆಂಚಾರ್ಲಹಳ್ಳಿ' ಎಂದು ಬರೆದು ಕಣ್ಣು ಮುಚ್ಚಿ ಒತ್ತಿದೆ. ಮಾರನೆಯ ದಿನ ಮತ್ತೆ ಹೋಗಿ ಮೂಲೆ ಮೂಲೆ ನೋಡಿದೆ. ಹಿಕ್ಕೆ ಉಳಿದಿಲ್ಲ, ಆಣೆಗೂ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ನಿನ್ನ ಬೈಗುಳ ಕೇಳಿ ಅಬ್ಬಾಸಣ್ಣ, "ಈ ದನಿ ಬಿಟ್ಟು ಆ ನಯದ್ದು ಹಾಕಿದ್ರಾ?" ಎಂದು ಹಟ ಹಿಡಿದರು. ಹೊಸ ಸೇವೆಯಲ್ಲಿ ಜ್ವರ ಎದ್ದ ದಿನ ಫೋನಿನಲ್ಲಿ ಬರುವವಳು ನೀನೇ. ಗೌರಿಬಿದನೂರು ಕಡೆಯ ಒಬ್ಬಾಕೆ ಆಫೀಸಿಗೆ ದೂರು ಹೇಳಿದಳು: "ನಮ್ಮತ್ತೇನೂ ಇಷ್ಟು ಬೈಯಲ್ಲ ಸಾರ್. ಆದ್ರೆ ಅವ್ರನ್ನ ತೆಗೀಬೇಡಿ."

ನಿನ್ನೆ ಊರಲ್ಲಿದ್ದೆ, ನಮ್ಮ ಹುಳ ಜ್ವರ ಎದ್ದ ದಿನವೇ. ದೊಡ್ಡಪ್ಪ ಟೀವಿ ನೋಡುತ್ತಿದ್ದರು, ಫೋನು ಬಂತು. ನಿನ್ನ ಸೊಸೆ, ನಮ್ಮ ಅತ್ತಿಗೆ, ಜೋರು ಮಾಡಿ ಅವರ ಮುಂದೆ ಹಿಡಿದಳು. ನೀನು ಬೈಯುವುದನ್ನು ಪೂರ್ತಿ ಕೇಳಿದರು. ಆಮೇಲೆ ಟೀವಿ ಆರಿಸಿ, "ಹಾಕ್ತೀನಿ ತಡಿಯೇ, ಬಂದೆ" ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೊರಟರು.