ಪಾದದ ನಾಡಿ

ಅಕ್ಟೋಬರ್ 9, 1996. ಬೆಳಿಗ್ಗೆ

ಔಷಧಿಗೆ ಒಣ ಜಿಗಣೆ ಹುರಿದೆ. ಬಳಪದ ಕಲ್ಲಿನ ಪುಡಿಯಲ್ಲಿ, ಉಬ್ಬುವ ತನಕ. ಕುಟ್ಟಿ ಜರಡಿ ಹಿಡಿದೆ. ಇವರು ಬಂದು ಬೆರಳಲ್ಲಿ ಉಜ್ಜಿ ನೋಡಿದರು. "ಮರಳು ಕುಟ್ಟಿದ್ದೀಯ." ಮತ್ತೆ ಕುಟ್ಟಿದೆ. ಹೊರಗೆ ಆಗಲೇ ಹನ್ನೊಂದು ಜನ. ಬೋಝೌ ಪೇಟೆಯಲ್ಲಿ ರಕ್ತನಾಳದ ಕಾಯಿಲೆ ಎಂದರೆ ಎಲ್ಲರೂ ತೋರಿಸುವುದು ಗೆ ಎನ್ನುವ ವೈದ್ಯರ ಬಾಗಿಲು. ನನ್ನ ಗಂಡನ ಬಾಗಿಲು.

ತೋಫು ಮಾಡುವ ಪೆಂಗ್ ಮತ್ತೆ ಬಂದಿದ್ದ. ಬಲಗಾಲು ಮಂಜುಗಡ್ಡೆ. ಪೊಟ್ಟಣ ಕಟ್ಟಿ ಕೊಡುವಾಗ ಬಗ್ಗಿ ಅವನ ಪಾದದ ಮೇಲೆ ಬೆರಳಿಟ್ಟೆ. ಅಪ್ಪ ಕಲಿಸಿದ್ದು. ನಾಡಿ ಇಲ್ಲ. ಇವರ ಕಿವಿಯ ಹತ್ತಿರ ಹೋಗಿ, "ರೀ, ಇವನನ್ನ ಜಿಲ್ಲಾಸ್ಪತ್ರೆಗೆ ಕಳಿಸೋದು ಒಳ್ಳೇದು," ಎಂದೆ.

ಇವರು ಎಲ್ಲರಿಗೂ ಕೇಳುವ ಹಾಗೆ— "ಕೇಳಿಸ್ಕೊಂಡ್ರಾ? ನಮ್ಮನೇಲಿ ಈಗ ಇಬ್ಬರು ವೈದ್ಯರು. ಒಬ್ರು ಇಲ್ಲಿ, ಇನ್ನೊಬ್ರು ಒಲೆ ಮುಂದೆ."

ಎಲ್ಲರೂ ನಕ್ಕರು. ಪೆಂಗ್ ಕೂಡ ನಕ್ಕ.

ಅಕ್ಟೋಬರ್ 30

ಪೆಂಗ್ ಸತ್ತ. ಕಾಲು ಕೊಳೆತು, ನಂಜು ಮೈಗೆಲ್ಲ ಏರಿ.

ನವೆಂಬರ್ 2

ಪೆಂಗನ ಹೆಂಡತಿ ಬಂದಳು. ಅಳಲಿಲ್ಲ, ಕೂಗಲಿಲ್ಲ. "ನನ್ನ ಗಂಡನಿಗೆ ಏನಾಯ್ತು, ಅಷ್ಟು ಹೇಳಿಬಿಡಿ ಡಾಕ್ಟ್ರೇ," ಎಂದಳು.

ಇವರು ಔಷಧಿ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. "ನಾನು ಬರೆದದ್ದು ಸರಿಯಾಗಿದೆ. ಯಾರಿಗೆ ಬೇಕಾದ್ರೂ ತೋರಿಸು. ಬೇರು ತೂಗಿದವಳು ಇವಳು. ಕಣ್ಣು ಮಂಜಾಗಿದೆ ಪಾಪ, ವಯಸ್ಸಾಯ್ತು. ಕ್ಷಮಿಸಿಬಿಡಮ್ಮ."

ತೂಕ ತಪ್ಪಿರಲಿಲ್ಲ. ಆಕೆ ನನ್ನ ಮುಖಕ್ಕೆ ಉಗಿದಳು. ಇವರು ಎದ್ದು ಕರವಸ್ತ್ರ ಕೊಟ್ಟರು. ಆಕೆಗೆ.

ನವೆಂಬರ್ 3

ಊಟಕ್ಕೆ ಕೂತಾಗ ಕೇಳಿದೆ. ಯಾಕೆ ಹಾಗೆ ಹೇಳಿದಿರಿ?

"ನನ್ನ ಹೆಸರು ಹೋದ್ರೆ ಮನೇನೇ ಹೋಯ್ತು. ನಿನ್ನ ಹೆಸರು ಯಾರಿಗೆ ಗೊತ್ತು ಹೇಳು?"

ಕುರಿ ಸಾರು ಇನ್ನೊಂದು ಬಟ್ಟಲು ಕೇಳಿದರು. ಬಡಿಸಿದೆ.

ನವೆಂಬರ್ 19

ಎಲೆಕೋಸಿನವಳು ನನಗೆ ಕೊಡುವುದಿಲ್ಲವಂತೆ. "ತೂಕದಲ್ಲಿ ಹೆಚ್ಚುಕಮ್ಮಿ ಆದ್ರೆ ಜನ ಸಾಯ್ತಾರಲ್ಲಕ್ಕ," ಎಂದಳು. ಸಾಲಲ್ಲಿ ಕೂತವರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರು. ಬರಿಗೈಯಲ್ಲಿ ಬಂದೆ.

ಇವರು ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಾರೆ. ಅಂಗಡಿ ಬೋರ್ಡು ಓದುವ ಹಾಗೆ ನಟನೆ. ಎಡಗಾಲಿನ ಹೆಬ್ಬೆರಳು ನೇರಳೆ. "ಚಳಿ ಕಣೇ," ಎಂದರು. ದಿನಕ್ಕೆ ಎರಡು ಪ್ಯಾಕ್ ಸಿಗರೇಟು ನಡೆದೇ ಇದೆ. ಸಂಜೆ ಬಿಸಿನೀರಲ್ಲಿ ಕಾಲು ತೊಳೆಯುವಾಗ ಪಾದದ ಮೇಲೆ ಬೆರಳಿಟ್ಟು ನೋಡಿದೆ. ನಾಡಿ ಇದೆ. ನೂಲಿನ ಹಾಗೆ.

ಡಿಸೆಂಬರ್ 1

ಹೆಬ್ಬೆರಳ ಅಂಚು ಕಪ್ಪಾಗಿದೆ. ತಮಗೆ ತಾವೇ ಚೀಟಿ ಬರೆದುಕೊಂಡರು. ಕೆಂಪು ಬೇರು, ಜಿಗಣೆ, ಎರೆಹುಳ. ರೋಗಿಯ ಹೆಸರು ಬರೆಯುವ ಜಾಗ ಖಾಲಿ ಬಿಟ್ಟಿದ್ದಾರೆ. ಪೆಂಗನಿಗೆ ಬರೆದಿದ್ದ ಅದೇ ಚೀಟಿ.

ಹೆಫೆ ನಗರದಿಂದ ಮಗಳು ರುಯಿನ್ ಫೋನ್ ಮಾಡಿದಳು. ಅಲ್ಲಿ ನರ್ಸು. ರಿಸೀವರ್ ನನ್ನ ಕೈಯಿಂದ ಕಿತ್ತುಕೊಂಡು, "ಎಲ್ಲ ಚೆನ್ನಾಗಿದೀವಿ," ಎಂದು ಇಟ್ಟರು. ಆಮೇಲೆ ನನಗೆ— "ಗೆ ವೈದ್ಯ ಆಸ್ಪತ್ರೆ ಮೆಟ್ಟಿಲು ಹತ್ತಿದ ಅಂತ ಊರಿಗೆ ಗೊತ್ತಾದ್ರೆ, ನೀನು ಈ ಮನೇಲಿ ಇರಲ್ಲ."

ಡಿಸೆಂಬರ್ 6. ಮಧ್ಯಾಹ್ನ

"ಬಾಗಿಲು ಹಾಕು," ಎಂದರು. ಹಾಕಿದೆ. ಕಾಲ್ಚೀಲ ತೆಗೆಯಿಸಿಕೊಂಡರು. ಸೊಂಟ ಹಿಡಿದು ವರ್ಷಗಳಾಯಿತು, ಪಾದ ಇವರ ಕೈಗೆ ಸಿಗುವುದಿಲ್ಲ.

"ಇಲ್ಲಿ ಸ್ವಲ್ಪ ಬೆರಳಿಡು. ನಿಮ್ಮಪ್ಪ ಕಲಿಸಿದ್ದಾರಲ್ಲ."

ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನನ್ನು ಕೇಳಿದ್ದು ಇದೇ ಮೊದಲ ಸಲ.

ಮೂರು ಬೆರಳಿಟ್ಟೆ. ಕಣ್ಣು ಮುಚ್ಚಿ ನೂರರವರೆಗೆ ಎಣಿಸಿದೆ. ಏನೂ ಇಲ್ಲ. ಇನ್ನೊಮ್ಮೆ ಎಣಿಸಿದೆ. ಕಣ್ಣು ತೆರೆದರೆ ನನ್ನನ್ನೇ ನೋಡುತ್ತಿದ್ದರು, ಬೆಂಚಿನ ಮೇಲೆ ಕಾಯುವವರು ಇವರನ್ನು ನೋಡುತ್ತಾರಲ್ಲ, ಹಾಗೆ.

"ಇದೆಯಾ?"

"ಇದೆ."

"ಹೇಗಿದೆ?"

"ಮೊದಲಿಗಿಂತ ತುಂಬಿದೆ. ನಿಮ್ಮ ಕಷಾಯ ಹಿಡೀತಿದೆ."

ಉಸಿರು ಬಿಟ್ಟರು. "ಹಾಗಾದ್ರೆ ಅದನ್ನೇ ಮುಂದುವರಿಸೋಣ." ಮುಂದುವರಿಸೋಣ— ನಾವಿಬ್ಬರೂ ಸೇರಿ ಎನ್ನುವ ಹಾಗೆ.

ಕೈ ತೊಳೆದು ಒಲೆ ಹೊತ್ತಿಸಿದೆ.

ಡಿಸೆಂಬರ್ 7

ಇವತ್ತು ಹೇಳಬಹುದಿತ್ತು.

ಡಿಸೆಂಬರ್ 8

ಇವತ್ತೂ.

ಡಿಸೆಂಬರ್ 29

ಹದಿನೈದರಂದು ಜ್ವರದಲ್ಲಿ ಬಡಬಡಿಸತೊಡಗಿದರು. ನಾನೇ ರುಯಿನ್‌ಗೆ ಫೋನ್ ಮಾಡಿದೆ. ಹದಿನಾರಕ್ಕೆ ಆಸ್ಪತ್ರೆಯಲ್ಲಿ ಕಾಲು ತೆಗೆದರು, ಮಂಡಿಯ ಮೇಲಿಂದ. ಎಳೇ ವಯಸ್ಸಿನ ಡಾಕ್ಟರು. "ಹತ್ತು ದಿನ ಮುಂಚೆ ಬಂದಿದ್ರೆ ಬರೀ ಬೆರಳಲ್ಲಿ ಹೋಗ್ತಿತ್ತೇನೋ," ಎಂದರು.

ಕಾರಿಡಾರಿನಲ್ಲಿ ರುಯಿನ್ ನನ್ನ ಭುಜ ಹಿಡಿದು ಕೇಳಿದಳು. "ದಿನಾ ಕಾಲು ತೊಳೀತಿದ್ದೆ ನೀನು. ಗೊತ್ತಾಗ್ಲೇ ಇಲ್ವಾ ಅಮ್ಮ?"

"ಕಣ್ಣು ಮಂಜಾಗಿದೆ," ಎಂದೆ.

ಆವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದೆ. ಚೆನ್ನಾಗಿ ನಿದ್ದೆ ಬಂತು. ಭಯವಾದದ್ದು ಅದಕ್ಕೇ.

ಜನವರಿ 20, 1997

ಮನೆಗೆ ಬಂದು ಮೂರು ದಿನ. ಗಾಲಿಕುರ್ಚಿ ಹೊಸ್ತಿಲು ದಾಟುವುದಿಲ್ಲ, ಹಲಗೆ ಹಾಕಿದ್ದೇನೆ. ರೋಗಿಗಳು ಇಲ್ಲ. ಕಾಲು ಕಳೆದುಕೊಂಡ ವೈದ್ಯನ ಹತ್ತಿರ ಕಾಲು ತೋರಿಸಲು ಯಾರು ಬರುತ್ತಾರೆ.

ಬೈಯುತ್ತಿಲ್ಲ. ಸಾರಿಗೆ ಉಪ್ಪು ಮರೆತೆ, ಸುಮ್ಮನೆ ಉಂಡರು. ಬೈದಿದ್ದರೆ ಮೇಲಿತ್ತು.

ಜನವರಿ 24. ಬೆಳಿಗ್ಗೆ

"ಸುಹುವಾ, ಬಾ ಇಲ್ಲಿ. ಕೈ ಕೊಡು."

ಹೆಸರು ಹಿಡಿದು ಕರೆದರು. ರೋಗಿಗಳ ನಾಡಿ ನೋಡುವ ಪುಟ್ಟ ದಿಂಬಿನ ಮೇಲೆ ನನ್ನ ಕೈ ಇಡಿಸಿದರು. ಎಡಗೈ, ಬಲಗೈ. ಬಹಳ ಹೊತ್ತು. ನಾಲಿಗೆ ತೋರಿಸು ಎಂದರು, ತೋರಿಸಿದೆ.

"ಬಲಗೈ ಯಾವಾಗಿಂದ ಜೋಮು ಹಿಡೀತಿದೆ?"

ಯಾರಿಗೂ ಹೇಳಿರಲಿಲ್ಲ. ರುಯಿನ್‌ಗೂ. "ಹೊಸ ವರ್ಷದಿಂದ," ಎಂದೆ. "ಏನಿದೆ ರೀ?"

ಬೆರಳು ತೆಗೆಯಲಿಲ್ಲ. "ಅವತ್ತು ನನ್ನ ಪಾದ ಮುಟ್ಟಿದಾಗ ನಿನ್ನ ಮುಖ ನೋಡ್ತಿದ್ದೆ. ಮೂವತ್ತು ವರ್ಷದಿಂದ ಮುಖ ನೋಡೋದೇ ನನ್ನ ಕಸುಬು. ನಾಡಿ ಇಲ್ಲ ಅಂತ ಗೊತ್ತಾಯ್ತು. ಆದ್ರೆ 'ಇದೆ' ಅಂದೆಯಲ್ಲ, ನಂಬಬೇಕು ಅನ್ನಿಸ್ತು. ನಂಬಿದೆ."

"ಈಗ ನನಗೇನಿದೆ, ಹೇಳಿ."

ನಕ್ಕರು. ಒಳ್ಳೆಯ ನಗು, ಮದುವೆಯ ಹೊಸದರಲ್ಲಿ ಇದ್ದಂಥದ್ದು. "ಏನಿರುತ್ತೆ? ನೂರು ವರ್ಷ ಗಟ್ಟಿ."

ಚೀಟಿ ಬರೆಯಲಿಲ್ಲ.

ಜನವರಿ 25

ನನ್ನ ನಾಡಿ ನಾನೇ ಹಿಡಿದು ಕೂತೆ. ಬೆರಳ ಕೆಳಗೆ ಓಡುತ್ತಿರುವುದು ನಾಡಿಯೋ ಭಯವೋ ತಿಳಿಯಲಿಲ್ಲ. ಜಿಲ್ಲಾಸ್ಪತ್ರೆಗೆ ಹೋಗಿ ಬರುತ್ತೇನೆ ಎಂದೆ. "ಹೋಗು. ನಾನೇನು ಎದ್ದು ಬಂದು ಹಿಡೀತೀನಾ?" ಎಂದರು. ಕೋಟು ಹಾಕಿಕೊಂಡೆ. ಇವರನ್ನು ಮಲಮೂತ್ರಕ್ಕೆ ಎತ್ತುವವರು ಯಾರು. ಕೋಟು ಬಿಚ್ಚಿದೆ.

ಸೋಮವಾರ ರುಯಿನ್ ಬರುತ್ತಾಳೆ. ಅವಳಿಗೆ ಹೇಳುತ್ತೇನೆ.

ಜನವರಿ 26. ಬೆಳಿಗ್ಗೆ ಏಳು

ಕಷಾಯದ ಮಡಕೆ ಕೈಯಿಂದ ಜಾರಿ ಒಡೆಯಿತು. ಚೂರು ಆರಿಸಲು ಬಗ್ಗಿದೆ, ಬಲಗಾಲು ನಿಲ್ಲಲಿಲ್ಲ. ಗೋಡೆ ಹಿಡಿದು ಬಂದು ಕೂತಿದ್ದೇನೆ. ಅಕ್ಷರ ಸೊಟ್ಟ ಬರುತ್ತಿದೆ. ಪೆನ್ನು ಎರಡು ಸಲ ಬಿತ್ತು, ಈಗ ಎಡಗೈ.

ಇವರು ಕುರ್ಚಿ ತಿರುಗಿಸಿಕೊಂಡು ನನ್ನ ಕಡೆ ನೋಡುತ್ತಿದ್ದಾರೆ. ಕರೆದೆ. ಬಾಯಿಂದ ಬೇರೇನೋ ಸದ್ದು ಬಂತು. ಫೋನ್ ಇವರ ಮೊಣಕೈ ಪಕ್ಕದಲ್ಲೇ ಇದೆ. ಕೈ ಚಾಚಿದರೆ ಸಾಕು. ಇವರು